ಪೈಪಕ್ಕನ ಹೆಸರಿಗೆ ಒಂದು ಆರ್ಡರ್

ನಮ್ಮ ಕಟ್ಟಡದಲ್ಲಿ ನೆಲಮಹಡಿಯ ಮೇಲೆ ನಾಲ್ಕು ಮಹಡಿ, ಒಟ್ಟು ಹದಿನಾರು ಮನೆ. ಹದಿನಾರು ಮನೆಗಳ ಹೊಲಸಿಗೂ ಹಿಂಬದಿಯ ಗೋಡೆಗಂಟಿ ಇಳಿಯುವ ಒಂದೇ ಕಬ್ಬಿಣದ ಕೊಳವೆ. ಆ ಕೊಳವೆಯ ಮೇಲೆ ಹನ್ನೊಂದು ವರ್ಷ ಏಕಚಕ್ರಾಧಿಪತ್ಯ ನಡೆಸಿದವಳು ಪೈಪಕ್ಕ. ವಯಸ್ಸು ನಲವತ್ತಾರು. ಬಲಗೈಯಲ್ಲಿ ಸ್ಪ್ಯಾನರ್, ಎಡ ಹೆಗಲಿಗೆ ಸುತ್ತಿದ ಉದ್ದನೆಯ ತಂತಿ, ನಾತ ತಡೆಯಲು ಹಲ್ಲಿನ ಸಂದಿಯಲ್ಲಿ ಒಂದು ಲವಂಗ. ಇಷ್ಟೇ ಆಕೆಯ ಚತುರಂಗ ಸೈನ್ಯ.

ಗಂಡ ಪ್ಲಂಬರ್. ಏಣಿಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಮಲಗಿದಲ್ಲಿಂದಲೇ ಪಾಠ ಹೇಳಿದ, ಇವಳು ಕಲಿತಳು. ವರ್ಷ ತುಂಬುವುದರೊಳಗೆ ಶಿಷ್ಯೆ ಗುರುವನ್ನು ಮೀರಿಸಿದಳು. ಪಾಪ, ಒಳ್ಳೆಯವನು, ಒಪ್ಪಿಕೊಂಡ.

ಒಪ್ಪದೇ ಇದ್ದದ್ದು ಕಾಗದ. ಕಾಗದದ ಪ್ರಕಾರ ನಮ್ಮ ಪ್ಲಂಬರ್ ಅವಳ ಮೈದುನ. ಅವಳು ಬರೀ ಸಹಾಯಕಿ. ಇಸ್ತ್ರಿ ಅಂಗಿ ತೊಟ್ಟು ಬಂದು, ವಾಚ್‌ಮನ್ನನ ಕುರ್ಚಿಯಲ್ಲಿ ಕೂತು, ಎರಡು ಲೋಟ ಚಹಾ ಹೀರಿ, ಅತ್ತಿಗೆ ಮೊಣಕೈವರೆಗೆ ಗಲೀಜಾಗಿ ಎದ್ದು ಬಂದಾಗ ಚೀಟಿಗೆ ಸಹಿ ಗೀಚುವುದು ಆತನ ಕಾಯಕ. ಹೆಂಗಸರು ಅವನಿಗೆ ಸಹಿರಾಯ ಎಂಬ ಬಿರುದು ದಯಪಾಲಿಸಿದ್ದರು. ವಾಷರ್ ಎಂಬುದು ತಿನ್ನುವ ವಸ್ತುವೋ ತೊಡುವ ವಸ್ತುವೋ ಆ ಮಹಾಶಯನಿಗೆ ಗೊತ್ತಿರಲಿಲ್ಲ.

ಈ ವರ್ಷ ಪೈಪಕ್ಕ ಹಟ ಹಿಡಿದಳು. ಲೈಸೆನ್ಸಿನ ಪರೀಕ್ಷೆಗೆ ಕೂರಲು 'ಪ್ಲಂಬರ್' ಎಂದು ಬರೆದ, ತನ್ನದೇ ಹೆಸರಿನ ಆರ್ಡರ್ ಬೇಕಿತ್ತು.

"ನನ್ನ ಹೆಸರಲ್ಲಿ ಕೊಟ್ರೆ ಬರ್ತೀನಿ. ಇಲ್ಲಾಂದ್ರೆ ನಿಮ್ಮ ಪೈಪು ನಿಮಗೆ," ಎಂದುಬಿಟ್ಟಳು.

ತೀರ್ಮಾನ ನಿವಾಸಿಗಳ ಸಂಘದ ಭಾನುವಾರದ ಸಭೆಗೆ ಬಿತ್ತು; ಅಲ್ಲಿಯವರೆಗೆ ಬರಲು ಒಪ್ಪಿದಳು. ಆ ಬೆಳಗ್ಗೆಯೇ ಕೊಳವೆ ಕಟ್ಟಿಕೊಂಡಿತು. ಹದಿನಾರು ಮನೆಗಳ ಸಾರಸರ್ವಸ್ವವೂ ನೆಲಮಹಡಿಯ ಅಧ್ಯಕ್ಷರ ಬಚ್ಚಲಲ್ಲಿ ಉಕ್ಕಿ, ಹಜಾರದ ಹೊಸ ಕಾರ್ಪೆಟ್ಟಿನತ್ತ ದಂಡಯಾತ್ರೆ ಹೊರಟಿತು. ಅಧ್ಯಕ್ಷರು ಮೂಗಿಗೆ ಟವೆಲ್ ಹಿಡಿದು ಸಹಿರಾಯನನ್ನು ಕರೆಸಿದರು; ಹಿಂದೆಯೇ ಪೈಪಕ್ಕನೂ ಬಂದು ನಿಂತಳು.

"ಇವತ್ತು ನೀನೇ ಮಾಡಿ ತೋರ್ಸಪ್ಪ. ಸಭೇಲಿ ಎಲ್ಲರ ಬಾಯಿ ಮುಚ್ಚಿಸ್ಬೋದು."

ಇಲ್ಲಿ ಒಂದು ರಾಜರಹಸ್ಯ ಹೇಳಬೇಕು. ಪೈಪಕ್ಕ ಕೆಳಗಿನ ಮುಚ್ಚಳ ಬಿಚ್ಚುವ ಮುಂಚೆ ಸ್ಪ್ಯಾನರಿನಿಂದ ಕೊಳವೆಗೆ ಮೂರು ಏಟು ಹಾಕುವಳು. ಮೇಲಿನ ಪ್ರತಿ ಮಹಡಿಯಲ್ಲೂ ಒಬ್ಬ ಹೆಂಗಸು ಅಕ್ಕಪಕ್ಕದವರ ನಲ್ಲಿ ನಿಲ್ಲಿಸಿ, ಕಿಟಕಿಯಾಚೆ ಕೈ ಚಾಚಿ ಸೌಟಿನಿಂದ ಮರಳಿ ಬಡಿಯುವಳು. ನಾಲ್ಕು ಉತ್ತರ ಬಂದ ಮೇಲೆಯೇ ಮುಚ್ಚಳಕ್ಕೆ ಕೈ. ಹನ್ನೊಂದು ವರ್ಷದ ಈ ಒಪ್ಪಂದ ಯಾವ ಗಂಡಸಿನ ಕಿವಿಗೂ ಬಿದ್ದಿರಲಿಲ್ಲ. ಬಡಿತ ಕೇಳಿದವರು ಪಾತ್ರೆ ತೊಳೆಯುವ ಸದ್ದು ಎಂದುಕೊಂಡಿದ್ದರು.

ಸಹಿರಾಯ ಬಡಿಯಲಿಲ್ಲ. ತೋಳು ಮಡಚಿ, ಕೊಳವೆಯೆದುರು ಮಂಡಿಯೂರಿ, ಮುಚ್ಚಳ ತಿರುಗಿಸಿದ. ಮೇಲೆ ಯಾರೂ ನೀರು ನಿಲ್ಲಿಸಿರಲಿಲ್ಲ, ನಿಲ್ಲಿಸಿ ಎಂದು ಯಾರೂ ಹೇಳಿರಲಿಲ್ಲವಲ್ಲ. ನಾಲ್ಕು ಮಹಡಿಗಳ ಪ್ರಸಾದ ಆ ಇಸ್ತ್ರಿ ಅಂಗಿಯ ಮೇಲೆ ಒಮ್ಮೆಗೇ ಇಳಿಯಿತು. ಬಾಯಿ ಮುಚ್ಚಿಕೊಳ್ಳುವ ಜಾಣ್ಮೆಯೂ ಅವನಿಗಿರಲಿಲ್ಲ ಎಂಬುದನ್ನು ಹೇಳಿ, ಓದುಗರ ಊಟದ ಮೇಲಿನ ಕರುಣೆಯಿಂದ ಮುಂದುವರಿಯುತ್ತೇನೆ.

"ಅತ್ತಿಗೆ, ಒಂದ್ ಮಾತು ಹೇಳ್ಬಾರ್ದಿತ್ತಾ?" ಎಂದ, ಉಗುಳುತ್ತಾ.

"ಪ್ಲಂಬರ್‌ಗೆ ಸಹಾಯಕಿ ಏನಪ್ಪ ಹೇಳೋದು? ಸರ್ಕೊ."

ಮೂರು ಏಟು. ಮೇಲಿನಿಂದ ನಾಲ್ಕು ಸೌಟುಗಳ ಉತ್ತರ. ಕಾಲು ಗಂಟೆಯಲ್ಲಿ ತಂತಿಯ ತುದಿಗೆ ಸಿಕ್ಕಿ ಬಂದವು: ಡೈಪರ್ ಎರಡು, ಕಾಲುಚೀಲ ಒಂದು, ಕೂದಲಿಗೆ ಹಚ್ಚುವ ಕಪ್ಪು ಬಣ್ಣದ ಪೊಟ್ಟಣ ಏಳು. ಅರವತ್ತೈದರಲ್ಲೂ ಅಧ್ಯಕ್ಷರ ತಲೆ ಕಾಡಿಗೆಯಂತಿತ್ತು. ಪೈಪಕ್ಕ ಯಾರ ಮುಖವನ್ನೂ ನೋಡದೆ ಎಲ್ಲವನ್ನೂ ಬಕೆಟ್ಟಿಗೆ ತುಂಬಿದಳು.

ಇನ್ನು ಸಭೆ. ಕಾರ್ಪೆಟ್ ಉಳಿಸಿಕೊಟ್ಟವಳಿಗೆ ಅಧ್ಯಕ್ಷರು ನಮಸ್ಕಾರ ಹೇಳಿ, "ಆದ್ರೂ ಸಹಿ ಮೈದುನಂದೇ ಇರ್ಲಿ. ನಾಳೆ ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಹೆಣ್ಮಗಳನ್ನ ಕೇಳೋಕಾಗುತ್ತಾ?" ಎಂದರು.

ಎರಡನೇ ಮಹಡಿಯ ಉಪನ್ಯಾಸಕಿ ಎದ್ದರು. ಸಮಾನತೆಯ ಬಗ್ಗೆ ಊರೂರು ತಿರುಗಿ ಭಾಷಣ ಮಾಡುವವರು; ಶಾಲುಗಳಿಗೇ ಒಂದು ಕಪಾಟಿದೆ. "ಹೆಣ್ಣಿನ ಪರ ನಾನು ಯಾವಾಗ್ಲೂ ಇದ್ದೀನಿ. ಆದರೆ ಇದು ಆಕೆಯ ಘನತೆಯ ಪ್ರಶ್ನೆ. ಹೊಲಿಗೆಯಂಥ ಗೌರವದ ಕೆಲಸಕ್ಕೆ ನಾವೇ ಸೇರಿಸೋಣ."

ಕೊಳವೆಯ ನಾತಕ್ಕೆ ಒಂದು ಲವಂಗ ಸಾಕು. ಈ ಮಾತಿನ ನಾತಕ್ಕೆ ಮೂಟೆಗಟ್ಟಲೆ ತಂದರೂ ಸಾಲದು. ಹನ್ನೊಂದು ವರ್ಷ ಆ ಮನೆಯ ಕಕ್ಕಸು ಅದೇ ಕೈಯಿಂದ ಶುದ್ಧವಾಗುವಾಗ ಘನತೆ ಯಾವ ಕಪಾಟಿನಲ್ಲಿತ್ತೋ.

ಆಗ ಮಾತಾಡಿದವಳು ಮೂರನೇ ಮಹಡಿಯ ಗೃಹಿಣಿ. ಎಂಜಿನಿಯರಿಂಗ್ ಓದಿ, ಕೆಲಸ ಬಿಟ್ಟು, ತನಗಿಷ್ಟವೆಂದೇ ಮನೆಯಲ್ಲಿದ್ದವಳು.

"ಮೇಡಂ, ಅವರ ಘನತೆ ಅವರು ನೋಡ್ಕೋತಾರೆ. ಅವರು ಕೇಳಿದ್ದು ಹೆಸರು. ನಮ್ಮನೆ ಓಟು ಅವರಿಗೆ." ಕೈ ಎತ್ತಿದಳು.

ಪಕ್ಕದಲ್ಲಿದ್ದ ಗಂಡ ಅಂಗಿ ಸರಿಮಾಡಿಕೊಂಡ. "ಏಯ್, ಮನೆಗೊಂದೇ ಓಟು. ನಾನ್ ಹಾಕ್ತೀನಿ, ಸುಮ್ನಿರು."

"ಮನೇಲಿರೋಳು ನೀನೊಬ್ಳೇ ಅಂತ ದಿನಾ ಅಂತೀರಲ್ಲ. ಮನೆ ಓಟೂ ಮನೇಲಿರೋಳ್ದೇ."

ನಕ್ಕವರು ಯಾರೋ ಗೊತ್ತಾಗಲಿಲ್ಲ. ಆದರೆ ನಾಲ್ಕನೇ ಮಹಡಿಯಿಂದ ಒಂದು ಕೈ ಎದ್ದಿತು, ಮೊದಲನೆಯದರಿಂದ ಮೂರು. ಗಂಡಂದಿರು ಮೊಣಕೈಯಿಂದ ತಿವಿದರು. ಎದ್ದ ಕೈ ಇಳಿಯಲಿಲ್ಲ. ಒಂಬತ್ತಾಯಿತು, ಅಂದರೆ ಗೆದ್ದಾಯಿತು. ಅದನ್ನು ಎಣಿಸಿ ನೋಡಿಕೊಂಡು ಹತ್ತನೆಯ ಕೈ ಎತ್ತಿದವರು ಉಪನ್ಯಾಸಕಿ. ಎತ್ತಿದ್ದಷ್ಟೇ ಅಲ್ಲ, ಚಪ್ಪಾಳೆಯನ್ನೂ ಶುರುಮಾಡಿದರು. ನನಗೆ ಬೆಳಗಿನ ಬಚ್ಚಲೇ ಮೇಲೆನಿಸಿತು.

ಅಧ್ಯಕ್ಷರು ಹಲ್ಲು ಕಚ್ಚಿ ಆರ್ಡರ್ ಬರೆದರು. ಪೈಪಕ್ಕ ಅಕ್ಷರ ಕೂಡಿಸಿಕೊಂಡು ಎರಡು ಸಲ ಓದಿ, ಮಡಿಸಿ, ಬ್ಲೌಸಿನೊಳಗೆ ಇಟ್ಟುಕೊಂಡಳು. ಮೆಟ್ಟಿಲ ಬಳಿ ಗೃಹಿಣಿಯನ್ನು ತಡೆದು ನಿಲ್ಲಿಸಿದಳು.

"ಅಮ್ಮ, ಒಂದ್ ಮಾತು. ಅಷ್ಟೊಂದು ಓದಿ ಒಲೆ ಮುಂದೆ ಕೂತವ್ಳೆ ಅಂತ ನಿಮ್ಮನ್ನ ನಾನೂ ಆಡ್ಕೊಂಡಿದೀನಿ."

"ಗೊತ್ತಕ್ಕ. ಪೈಪಲ್ಲಿ ಎಲ್ಲಾ ಕೇಳ್ಸುತ್ತೆ."

"ಮತ್ತೆ ಯಾಕೆ ಕೈ ಎತ್ತಿದ್ರಿ?"

"ನೀವು ಆಡ್ಕೊಂಡಿದ್ದು ನನ್ನ. ಓಟು ಕೇಳಿದ್ದು ನಿಮ್ಮ ಕೆಲಸಕ್ಕೆ. ಪರೀಕ್ಷೇಲಿ ಲೆಕ್ಕಾನೂ ಇರುತ್ತಲ್ಲ, ನಿಮಗೆ ಬರುತ್ತಾ?"

"ಇಲ್ಲ ಕಣಮ್ಮ, ಸೊನ್ನೆ."

"ನಾಳೆ ಹನ್ನೊಂದಕ್ಕೆ ಬನ್ನಿ. ಕೈ ತೊಳ್ಕೊಂಡು."