ಕಿಟಕಿಯಾಚೆಗಿನ ಕೈ

ಧರ್ಮಪ್ಪನ ಮೂಗು ಮುರಿದದ್ದು ಎರಡು ನಿಮಿಷಕ್ಕಾಗಿ. ಶಿಕಾರಿಪುರದಿಂದ ಸೊರಬಕ್ಕೆ ಹೊರಡುವ ಎರಡು ಖಾಸಗಿ ಬಸ್ಸುಗಳ ಟೈಮಿಂಗ್ ಜಗಳದಲ್ಲಿ, ಹಿಂದಿನ ಬಸ್ಸಿನ ಡ್ರೈವರ್ ಗಿರೀಶ ಅವನ ಮುಖಕ್ಕೆ ಜಾಕ್ ರಾಡಿನಿಂದ ಹೊಡೆದಿದ್ದ. ಧರ್ಮಪ್ಪ ಬಾಯಿಗಿಳಿದ ರಕ್ತ ಉಗುಳಿ, ಗಿರೀಶನ ತಲೆಯನ್ನು ಬಸ್ಸಿನ ಬಾಗಿಲಿಗೆ ಎರಡು ಸಲ ಬಡಿದ. ಮೂಗು ಸೊಟ್ಟಗೇ ಕೂಡಿಕೊಂಡಿತು. ಗಡ್ಡ ಹೆರೆಯುವಾಗಲೆಲ್ಲ ಕನ್ನಡಿಯಲ್ಲಿ ಅವನಿಗೆ ಗಿರೀಶನ ಮುಖವೇ ಕಾಣುತ್ತಿತ್ತು.

ಧರ್ಮಪ್ಪ ಕುಬಟೂರಿನವನು. ಅಪ್ಪ ಕುರಿ ಕಾಯುತ್ತಿದ್ದ. ಮಂದೆ ರಸ್ತೆ ದಾಟುವಾಗ ಅಪ್ಪ ನಡುವೆ ನಿಂತು ಅಂಗೈ ಎತ್ತಿದರೆ ಲಾರಿಗಳು ನಿಲ್ಲುತ್ತಿದ್ದವು. ಸ್ಟಿಯರಿಂಗ್ ಹಿಡಿದ ಮೇಲೆ ಮಗ ಕಲಿತದ್ದೂ ಕೈಯ ಮಾತನ್ನೇ. ಆ ದಾರಿಯ ಡ್ರೈವರುಗಳು ಇಂಡಿಕೇಟರ್ ನಂಬುವುದಿಲ್ಲ. ಕಿಟಕಿಯಿಂದ ಕೈ ಹೊರಬಂದು 'ಬಾ' ಎಂದು ಬೀಸಿದರೆ ಮಾತ್ರ ನಂಬುತ್ತಾರೆ. ಬೀಸಿದವನೇ ಅದನ್ನು ನಂಬಿ ಬರುವ ಬಸ್ಸಿನ ಜೀವಗಳಿಗೆ ಹೊಣೆ.

ಕಳೆದ ವರ್ಷ ಎರಡೂ ಬಸ್ಸಿಗೆ ಪ್ರಯೋಗಕ್ಕೆಂದು ಒಂದೊಂದು ವೈರ್‌ಲೆಸ್ ಪೆಟ್ಟಿಗೆ ಕೂರಿಸಿದರು. ಪಕ್ಕದ ಪಥಕ್ಕೆ ಬರಬೇಕಾದವನು ಇಂಡಿಕೇಟರ್ ಹಾಕಿದರೆ ಅವನ ಪೆಟ್ಟಿಗೆ ಪಕ್ಕದ ಬಸ್ಸಿನ ಪೆಟ್ಟಿಗೆಯನ್ನು ಜಾಗ ಕೇಳುತ್ತದೆ. ಅಲ್ಲಿ ಹಳದಿ ದೀಪ ಹೊತ್ತುತ್ತದೆ. ಆ ಡ್ರೈವರ್ ವೇಗ ತಗ್ಗಿಸಿ ಜಾಗ ಬಿಟ್ಟರೆ ಕೇಳಿದವನಿಗೆ ಹಸಿರು. ವಾಹನಗಳ ಸಾಲು ಎಲ್ಲೂ ತಡೆಯದೆ ಹರಿಯುತ್ತದೆ.

"ನಾವು ಮಾತು ಬಿಟ್ಟು ವರ್ಷಾತು. ಬಸ್ಸುಗಳಾದ್ರೂ ಮಾತಾಡ್ಕಳ್ಳಲಿ ಬಿಡು," ಎಂದ ಧರ್ಮಪ್ಪ.

ಕಂಡಕ್ಟರ್ ರಾಜಪ್ಪ ನಕ್ಕ. "ಮೂಗಿನ ವಿಷ್ಯಾನೂ ಮಾತಾಡ್ತಾವೇನ್ರಿ ಅವು?"

ಆ ಸೋಮವಾರ ಊರಾಚೆಯ ಡಬಲ್ ರೋಡಿನಲ್ಲಿ ಧರ್ಮಪ್ಪ ಎಡ ಪಥದಲ್ಲಿದ್ದ. ಬಲಗಡೆಯಿಂದ ಗಿರೀಶ ಹಾರ್ನ್ ಕೂಗಿಸುತ್ತ ಅರ್ಧ ಬಸ್ಸಿನಷ್ಟು ಮುಂದಾದ. ಅಷ್ಟರಲ್ಲಿ ತಿರುವಿನಿಂದ ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರೊಂದು ರಾಂಗ್ ಸೈಡಿನಲ್ಲಿ, ಗಿರೀಶನ ಎದುರಿಗೇ ಬಂತು.

ಧರ್ಮಪ್ಪನ ಮುಂದೆ ಹಳದಿ ದೀಪ ಹೊತ್ತಿತು.

ಮೂಗಿನ ಮೂಳೆ ಮಿಡಿಯಿತು. ಸಾಯಲಿ, ಎಂದುಕೊಂಡ. ಪಕ್ಕದ ಬಸ್ಸಿನ ಕಿಟಕಿಯಲ್ಲಿ ಹಸಿರು ಬಳೆ ತೊಟ್ಟ ಕೈಯೊಂದು ಕಂಬಿ ಹಿಡಿದಿತ್ತು. ಅವನ ಕಾಲು ಆಕ್ಸಿಲರೇಟರ್ ಬಿಟ್ಟಿತು. ಜಾಗ ತೆರೆಯಿತು.

ಗಿರೀಶ ಬರಲಿಲ್ಲ. ಅವನಿಗೆ ಹಸಿರು ಹೊತ್ತಿರಲೇಬೇಕು. ಆದರೆ ತಾನೇ ಮೂಗು ಮುರಿದಿದ್ದ ಧರ್ಮಪ್ಪ ಬಿಟ್ಟ ಜಾಗವನ್ನು ಹೇಗೆ ನಂಬಿಯಾನು? ಎಡಕ್ಕೆ ತಿರುಗಿದೊಡನೆ ಇವನು ನುಗ್ಗಿ ಗುದ್ದಬಹುದು.

"ಕೈ ತೋರ್ಸ್ರಿ," ರಾಜಪ್ಪ ಕೂಗಿದ.

ಧರ್ಮಪ್ಪ ಭುಜದವರೆಗೂ ಕೈ ಹೊರಹಾಕಿ ಬೀಸಿದ. ಕನ್ನಡಿಯಲ್ಲಿ ಅದನ್ನು ಕಂಡ ಗಿರೀಶ ಒಮ್ಮೆಲೇ ಎಡಕ್ಕೆ ಎಳೆದ. ಟ್ರ್ಯಾಕ್ಟರ್ ಕೂದಲೆಳೆಯ ಅಂತರದಲ್ಲಿ ದಾಟಿತು. ಗಿರೀಶನ ಬಸ್ಸಿನ ಹಿಂದಿನ ಮೂಲೆ ಮಾತ್ರ ಧರ್ಮಪ್ಪನ ಕಿಟಕಿಯನ್ನು ಉಜ್ಜಿಕೊಂಡು ಹೋಯಿತು. ಕಬ್ಬು ಮುರಿದಂಥ ಸದ್ದು. ಗಾಜಿನ ಮೇಲೆ ರಕ್ತ ಚಿಮ್ಮಿತು.

ಎರಡೂ ಬಸ್ಸು ನಿಂತವು. ಗಿರೀಶ ಓಡಿಬಂದ. ಇನ್ನೊಂದು ಹೊಡೆದಾಟವೆಂದು ಜನ ಹಿಂದೆ ಸರಿದರು. ಅವನು ಹೆಗಲ ಟವೆಲ್ ಎಳೆದು ಧರ್ಮಪ್ಪನ ಜಜ್ಜಿದ ಮುಂಗೈಗೆ ಬಿಗಿದ.

"ಲೈಟ್ ಬಂದಿತ್ತಲ್ಲ ಮಾರಾಯ. ಕೈ ಯಾಕೆ ಹಾಕ್ದೆ?"

"ಲೈಟ್ ನೋಡಿ ಬರ್ತಿದ್ದೇನು ನೀನು?"

ಗಿರೀಶ ಟವೆಲ್ಲನ್ನು ಇನ್ನೊಂದು ಸುತ್ತು ಬಿಗಿದ.

ಪೆಟ್ಟಿಗೆಯ ದಾಖಲೆಯಲ್ಲಿ ಆ ಪಥ ಬದಲಾವಣೆ ಯಶಸ್ವಿ ಎಂದಿದೆ. ಎರಡು ಬೆರಳು ಹೋದದ್ದು ಅದರಲ್ಲಿಲ್ಲ. ಧರ್ಮಪ್ಪ ಈಗಲೂ ಅದೇ ದಾರಿಯಲ್ಲಿ ಬಸ್ಸು ಓಡಿಸುತ್ತಾನೆ. ಹಳದಿ ಹೊತ್ತಿದಾಗ ಕಾಲೆತ್ತುತ್ತಾನೆ. ಆಮೇಲೆ, ಕೇಳುತ್ತಿರುವುದು ಗಿರೀಶನ ಬಸ್ಸಾದರೂ, ಉಳಿದ ಮೂರು ಬೆರಳನ್ನು ಕಿಟಕಿಯಾಚೆ ಚಾಚುತ್ತಾನೆ.