ಎರಡು ಎಡತೋಳಿನ ಕೋಟು

ನಮ್ಮ ಬೀದಿಯ ದರ್ಜಿಯನ್ನು ಎಲ್ಲರೂ ಕರೆಯುವುದು ಟೇಪಣ್ಣ ಎಂದೇ. ಕುತ್ತಿಗೆಯಲ್ಲಿ ಜೋತಾಡುವ ಅಳತೆಯ ಟೇಪೇ ಅವನ ವೇದಾಂತ. "ಇದಕ್ಕೆ ಸಿಕ್ಕಿದ್ದು ಇದೆ, ಸಿಗದೇ ಇದ್ದದ್ದು ಇಲ್ಲ. ದೇವರ ಸೊಂಟದ ಅಳತೆ ತಂದುಕೊಡಿ, ನಾಳೆಯೇ ಕೈ ಮುಗೀತೀನಿ" ಎನ್ನುತ್ತಾನೆ. ಅವನ ಬೆನ್ನ ಹಿಂದೆ ನಿಂತು ಬಟ್ಟೆ ಕತ್ತರಿಸುವವನು ಭಾವಮೈದ, ಅಂದರೆ ಹೆಂಡತಿಯ ತಮ್ಮ. ಕಣ್ಣುಮುಚ್ಚಿ ದೇವರನ್ನು ನೆನೆಯದೆ ಕತ್ತರಿ ಎತ್ತದ ಮನುಷ್ಯ. ಇಬ್ಬರಿಗೂ ಒಂದೇ ಕೋಣೆ, ಒಂದೇ ಊಟದ ಡಬ್ಬಿ. ಅಂಗಡಿಯಲ್ಲಿ ದೇವರ ಸುದ್ದಿ ಎತ್ತಕೂಡದೆಂದು ಟೇಪಣ್ಣನ ಹೆಂಡತಿ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು. ಇಬ್ಬರೂ ಮಾತಿಗೆ ತಪ್ಪಲಿಲ್ಲ. ಜಗಳವನ್ನು ಬೀದಿಯ ವಾಟ್ಸಾಪ್ ಗುಂಪಿಗೆ ಸಾಗಿಸಿದರು, ಅಷ್ಟೇ.

ಅಲ್ಲಿ ನೋಡಬೇಕಿತ್ತು ಇವರ ಪ್ರತಾಪ! ಒಬ್ಬ "ಬುದ್ಧಿ ಅಡವಿಟ್ಟ ಕುರಿ" ಎಂದು ಒತ್ತಿದರೆ, ಅವನ ಬೆನ್ನ ಹಿಂದೆಯೇ ಇನ್ನೊಬ್ಬನ ಜೇಬು ಕುಂಯ್‌ಗುಡುತ್ತಿತ್ತು. ಕೂಡಲೇ "ಅಹಂಕಾರದ ಮೂಟೆ, ನಿನಗೆ ನರಕದಲ್ಲೂ ಜಾಗ ಇಲ್ಲ" ಎಂಬ ಉತ್ತರ. ನರಕವೇ ಸುಳ್ಳೆನ್ನುವ ಟೇಪಣ್ಣನಿಗೆ ಅಲ್ಲಿ ಜಾಗವಿಲ್ಲ ಅಂದದ್ದಕ್ಕೆ ಯಾಕಷ್ಟು ಸಿಟ್ಟು ಬರುತ್ತಿತ್ತೋ, ಮಷೀನು ದಡದಡ ಓಡುತ್ತಿತ್ತು. ನಾನು ಶಾಂತಿಪ್ರಿಯ. ಇಬ್ಬರ ಮಾತಿನ ಕೆಳಗೂ ಒಂದೊಂದು ಹೆಬ್ಬೆಟ್ಟಿನ ಚಿತ್ರ ಒತ್ತಿ ಸುಮ್ಮನಾಗುತ್ತಿದ್ದೆ.

ಕೊನೆಗೆ ಭಾವಮೈದ ಗುಂಪಿನಲ್ಲೇ ಸಾರಿಬಿಟ್ಟ: "ಸೋಮವಾರದಿಂದ ಬೇರೆ ಅಂಗಡಿ ಸೇರ್ತೀನಿ." ಅಂದಿನಿಂದ ಟೇಪಣ್ಣ ಅವನೊಡನೆ ಮಾತು ಬಿಟ್ಟು, ಅವನು ಕತ್ತರಿಸಿ ಕೊಟ್ಟದ್ದನ್ನು ಕೊಟ್ಟ ಹಾಗೆಯೇ ಹೊಲಿಯತೊಡಗಿದ.

ಶನಿವಾರ ನಾನು ಹೊಸ ಕೋಟು ತೊಟ್ಟು ನೋಡಲು ಹೋದೆ. ಎಡಗೈ ಸಲೀಸಾಗಿ ತೂರಿತು. ಬಲಗೈ ಮಾತ್ರ ಹಿಂದಕ್ಕೆ ತಿರುಚಿಕೊಂಡು, ಯಾರನ್ನೋ ಗುಟ್ಟಾಗಿ ಕರೆಯುತ್ತಿರುವಂತೆ ನಿಂತಿತು. ಎಂದಿನಂತೆ ನನ್ನ ಹೊಟ್ಟೆಯದೇ ತಪ್ಪಿರಬೇಕೆಂದು ಉಸಿರು ಬಿಗಿಹಿಡಿದೆ. ಕೈ ಅಲ್ಲೇ ಇತ್ತು.

"ಅಯ್ಯೋ, ಎರಡೂ ಎಡತೋಳು!" ಭಾವಮೈದ ಕೂಗಿದ. "ಮೆಸೇಜ್ ನೋಡ್ತಾ ಬಲತೋಳಿಗೆ ಮಾದರಿ ಕಾಗದ ಮಗುಚೋದೇ ಮರೆತುಬಿಟ್ಟೆ. ಹೊಲಿಯೋವಾಗ ನಿಮಗೆ ಗೊತ್ತಾಗ್ಲಿಲ್ವಾ ಭಾವ?"

"ಗೊತ್ತಾಯ್ತು."

"ಮತ್ತೆ?"

"ಕೇಳ್ಬೇಕು ಅಂದ್ರೆ ನಿನ್ನ ಹತ್ರ ಮಾತಾಡ್ಬೇಕಲ್ಲಯ್ಯಾ!"

"ಹೌದೌದು, ಕುರಿ ಜೊತೆ ಏನು ಮಾತು."

"ಅದು... ಗುಂಪಲ್ಲಿ ಹೇಳಿದ್ದು."

"ಈಗ ನನ್ನ ಮುಖ ನೋಡ್ಕೊಂಡು ಹೇಳಿ. ಕೇಳಿಸ್ಕೊಂಡು ಹೊರಟುಬಿಡ್ತೀನಿ."

ಟೇಪಣ್ಣ ಬಾಯಲ್ಲಿದ್ದ ಗುಂಡುಸೂಜಿಗಳನ್ನು ತೆಗೆದಿಟ್ಟ. ಗಂಟಲು ಸರಿಮಾಡಿಕೊಂಡ. ಟೇಪನ್ನು ಒಮ್ಮೆ ಸುತ್ತಿ, ಮತ್ತೆ ಬಿಚ್ಚಿದ.

"ಊಟ ಮಾಡಿದ್ಯಾ?" ಎಂದ.

"ನಿಮ್ಮನ್ನ ಬಿಟ್ಟು ಯಾವತ್ತು ಮಾಡಿದೀನಿ?"

"ಸ್ವಾಮಿ, ನನ್ನ ಕೈ..." ಎಂದೆ ನಾನು.

"ಇರಿ ಸಾರ್. ಇಬ್ಬರಿಗೂ ಹೆಬ್ಬೆಟ್ಟು ಒತ್ತಿದ ಕೈ ಅಲ್ವಾ ಅದು?" ಎಂದ ಟೇಪಣ್ಣ.

"ನೋಡಿದ್ರಾ ಭಾವ, ಸರಿಯಾಗಿ ಆ ಕೈಗೇ ಶಿಕ್ಷೆ! ದೇವರಿದ್ದಾನೆ!"

"ಯಾವ ದೇವರಯ್ಯಾ! ನಿನ್ನ ಕತ್ತರಿ ಕೆಲಸ ಇದು!"

ಮಾತು ಕೊಟ್ಟ ಮೇಲೆ ಅಂಗಡಿಯಲ್ಲಿ ದೇವರ ಸುದ್ದಿ ಬಾಯಿಬಿಟ್ಟು ಆಡಿದ್ದು ಅದೇ ಮೊದಲು. ಇಬ್ಬರೂ ಗಹಗಹಿಸಿ ನಗುತ್ತ ಡಬ್ಬಿ ಬಿಚ್ಚಿದರು. ನನಗೂ ಒಂದು ತುತ್ತು ಬಂತು, ಎಡಗೈಗೆ.

"ಸೋಮವಾರ ಹೋಗ್ತೀಯಾ?" ಟೇಪಣ್ಣ ಡಬ್ಬಿಯತ್ತ ನೋಡುತ್ತಲೇ ಕೇಳಿದ.

"ಎಲ್ಲಿಗೆ ಹೋಗ್ಲಿ ಭಾವ? ಸಾರ್‌ದು ಬಲತೋಳು ಕತ್ತರಿಸೋದು ಬಾಕಿ ಇದೆಯಲ್ಲ!"