ದಿನಕ್ಕೆ ನಾಲ್ಕು ರೌಂಡು

ನಮ್ಮ ಪಿ.ಟಿ. ಮಿಸ್ಸಿನ ಹಿಮ್ಮಡಿಗಳು ಬಿರುಕು ಬಿಟ್ಟಿದ್ದವು; ಆ ಬಿರುಕುಗಳೊಳಗೆ ಸದಾ ಸುಣ್ಣದ ಪುಡಿ. ಖೋಖೋ ಅಂಕಣದ ಗೆರೆಗಳನ್ನು ಅವರೇ ಬಗ್ಗಿ ಎಳೆಯುತ್ತಿದ್ದರು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಚಪ್ಪಲಿಯನ್ನು ಗೋಡೆಯ ಪಕ್ಕ ಬಿಟ್ಟು ಬರಿಗಾಲಲ್ಲಿ ಮೈದಾನಕ್ಕಿಳಿಯುವಾಗಲೇ ಅವರು ಅರ್ಧ ದಣಿದಿರುತ್ತಿದ್ದರು. ಹಳೇಕೋಟೆಯ ಮನೆಯಲ್ಲಿ ಹಸು ಕರೆದು, ಅಡುಗೆ ಮುಗಿಸಿ, ಮೊದಲ ಬಸ್ಸಿನಲ್ಲಿ ನಿಂತುಕೊಂಡೇ ಹೊಳೆನರಸೀಪುರಕ್ಕೆ ಬರುತ್ತಿದ್ದ ಹೆಂಗಸು. ವಿಸಿಲ್ ಊದುವುದಕ್ಕೂ ಬೇಜಾರಾಗಿ ಎಷ್ಟೋ ಸಲ ಚಪ್ಪಾಳೆ ತಟ್ಟಿಯೇ ಕೆಲಸ ಮುಗಿಸುತ್ತಿದ್ದರು.

ತೊಂಬತ್ತರ ದಶಕದ ನಡುವೆ ನಾನು ಅಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದೆ. ಆ ವರ್ಷ ನನಗೆ ಏನೋ ಆಯಿತು. ಏನು ಅಂತ ಕೇಳಿದರೆ ಇವತ್ತಿಗೂ ಉತ್ತರವಿಲ್ಲ. ಮನೆಯಲ್ಲಿ ಜಗಳವಿರಲಿಲ್ಲ, ಊಟಕ್ಕೆ ಕೊರತೆಯಿರಲಿಲ್ಲ, ಮಾರ್ಕ್ಸೂ ಬರುತ್ತಿತ್ತು. ಆದರೆ ನಿದ್ದೆ ಹತ್ತುತ್ತಿರಲಿಲ್ಲ, ಅನ್ನ ಗಂಟಲಲ್ಲಿ ಇಳಿಯುತ್ತಿರಲಿಲ್ಲ, ಪಕ್ಕದಲ್ಲೇ ಕೂತ ಗೆಳತಿಯರ ಮಾತು ಎಲ್ಲೋ ದೂರದಿಂದ ಕೇಳಿಸುತ್ತಿತ್ತು. ಬದುಕಿರಬೇಕು ಅಂತಲೇ ಅನ್ನಿಸುತ್ತಿರಲಿಲ್ಲ. ಇದನ್ನು ಯಾರಿಗೆ, ಯಾವ ಬಾಯಲ್ಲಿ ಹೇಳುವುದು? ದೃಷ್ಟಿಯಾಗಿದೆ ಅಂತ ಅಜ್ಜಿ ತಾಯತ ಕಟ್ಟಿಸಿದರು. ಗುಮಾಸ್ತರಾಗಿದ್ದ ಅಪ್ಪ ಟಾನಿಕ್ ತಂದರು. ತಾಯತ ಕಟ್ಟಿಸಿಕೊಂಡೆ, ಟಾನಿಕ್ ಕುಡಿದೆ, ಹಾಗೇ ಇದ್ದೆ.

ಎಸ್ಸೆಸ್ಸೆಲ್ಸಿಯವರು ಮೈದಾನಕ್ಕೆ ಕಾಲಿಡುವಂತಿರಲಿಲ್ಲ. ಟೈಂಟೇಬಲ್ಲಿನಲ್ಲಿ ಪಿ.ಟಿ. ಅಂತ ಇದ್ದದ್ದು ಹೆಸರಿಗೆ. ಆ ಪೀರಿಯಡ್ಡಿಗೆ ಗಣಿತದ ಮೇಷ್ಟ್ರು ಬಂದುಬಿಡುತ್ತಿದ್ದರು. ದೊಡ್ಡವಳಾದ ಹುಡುಗಿ ಬಯಲಿನಲ್ಲಿ ಓಡಾಡುವುದು ನಮ್ಮ ಮನೆಯಲ್ಲೂ ಯಾರಿಗೂ ಬೇಕಿರಲಿಲ್ಲ. ಇದನ್ನೆಲ್ಲ ಬದಲಿಸುವ ಅಧಿಕಾರ ಮಿಸ್ಸಿಗೆ ಎಲ್ಲಿಂದ ಬರಬೇಕು? ಅವರ ಕೈಯಲ್ಲಿದ್ದದ್ದು ಇಷ್ಟೇ: ಬೆಳಗಿನ ಪ್ರೇಯರ್‌ನಲ್ಲಿ ಶಿಸ್ತು ನೋಡುವುದು, ತಪ್ಪಿದವರಿಗೆ ಶಿಕ್ಷೆ ಕೊಡುವುದು.

ಒಂದು ದಿನ ನನ್ನ ಜಡೆ ಎತ್ತಿ ನೋಡಿದರು. "ರಿಬ್ಬನ್ ಸರಿಯಾಗಿ ಕಟ್ಟಿಲ್ಲ. ನಾಕು ರೌಂಡು ಓಡು."

ರಿಬ್ಬನ್ ಸರಿಯಾಗಿಯೇ ಇತ್ತು. ಮಾರನೆಯ ದಿನ ಉಗುರು. ಅದರ ಮಾರನೆಯ ದಿನ ಪ್ರೇಯರ್‌ನಲ್ಲಿ ಆಕಳಿಸಿದೆ ಅಂತ. ಏನೂ ಸಿಗದ ದಿನ, "ಯಾಕಂಗ್ ನೋಡ್ತೀಯೇ? ಓಡು" ಅಂದರು. ಕ್ಲಾಸಿಗೇ ಒಳ್ಳೆಯ ಹುಡುಗಿ ಅನ್ನಿಸಿಕೊಂಡಿದ್ದ ನನಗೆ ಅವಮಾನದಿಂದ ಮುಖ ಉರಿಯುತ್ತಿತ್ತು. ಎರಡನೇ ಸುತ್ತಿಗೆ ಅಳು ಒತ್ತರಿಸಿ ಬಂತು. ಮಿಸ್ ನೋಯುವ ಮಂಡಿ ಒತ್ತಿಕೊಳ್ಳುತ್ತಾ ಒಳಗಿನ ಗೆರೆಗುಂಟ ನನ್ನ ಜೊತೆಗೇ ಬರುತ್ತಿದ್ದರು.

"ನಿಂತ್ಕಬ್ಯಾಡ ಕಣಮ್ಮಿ. ಅಳೋದಾದ್ರೆ ಓಡ್ತಾ ಅಳು. ನಿಂತ್ಕಂಡು ಅತ್ರೆ ಎಲ್ರೂ ಬಂದು ಯಾಕೆ ಅಂತ ಕೇಳ್ತಾರೆ."

ಒಂದು ತಿಂಗಳಾಗಿರಬಹುದು. ಒಂದು ಮಧ್ಯಾಹ್ನ ಎರಡನೇ ಸಲ ಅನ್ನ ಹಾಕಿಸಿಕೊಂಡೆ. ಅಮ್ಮ ಸೌಟು ಹಿಡಿದು ನನ್ನನ್ನೇ ನೋಡಿದರು. ನಿದ್ದೆಯೂ ಬರತೊಡಗಿತು. ಅಜ್ಜಿ ತಾಯತವನ್ನು ಹೊಗಳಿದರು, ಅಪ್ಪ ಇನ್ನೊಂದು ಬಾಟಲಿ ಟಾನಿಕ್ ತಂದರು. ನಾನೂ ಟಾನಿಕ್ಕಿನ ಕಡೆಗೇ ಇದ್ದೆ. ಮಿಸ್ಸನ್ನು ಮಾತ್ರ ಕಂಡರಾಗುತ್ತಿರಲಿಲ್ಲ.

ನನ್ನನ್ನು ದಿನಾ ಓಡಿಸುವ ಸುದ್ದಿ ಯಾರೋ ಅಪ್ಪನ ಕಿವಿಗೆ ಹಾಕಿದರು. ಅಪ್ಪ ವಿಚಾರಿಸಿದಾಗ, "ನಾನೇನೂ ತಪ್ಪು ಮಾಡಿಲ್ಲ. ಮಿಸ್ಸಿಗೆ ನನ್ನ ಕಂಡ್ರಾಗಲ್ಲ" ಅಂದೆ. ಅಪ್ಪ ನೆಟ್ಟಗೆ ಹೆಡ್‌ಮಾಸ್ಟರ ಕೋಣೆಗೆ ಹೋದರು. ಅಲ್ಲಿಗೆ ನನ್ನನ್ನೂ ಮಿಸ್ಸನ್ನೂ ಕರೆಸಿದರು.

"ಏನ್ರೀ ತಪ್ಪು ಮಾಡಿದಾಳೆ ಈ ಹುಡುಗಿ?" ಹೆಡ್‌ಮಾಸ್ಟರು ಕೇಳಿದರು.

ಮಿಸ್ ನನ್ನ ಕಡೆ ನೋಡಿದರು. ಸಿಟ್ಟಿನ ನೋಟವಲ್ಲ, ಬರೀ ದಣಿವು. "ಅವಳ್ದೇನೂ ಇಲ್ಲ ಸಾ. ನಂಗೇ ಸಿಟ್ಟು ಜಾಸ್ತಿ. ತಪ್ಪಾಯ್ತು."

ಅಷ್ಟು ಸಾಲದು, ಬರೆದುಕೊಡಲಿ ಅಂದರು ಅಪ್ಪ. ಮಿಸ್ ಮೇಜಿನ ಮೂಲೆಯಲ್ಲಿ ಬಗ್ಗಿ, ವಿನಾಕಾರಣ ಶಿಕ್ಷಿಸಿದ್ದು ತನ್ನ ತಪ್ಪು, ಇನ್ನು ಮುಂದೆ ಈ ವಿದ್ಯಾರ್ಥಿನಿಯನ್ನು ಓಡಿಸುವುದಿಲ್ಲ ಎಂದು ಬರೆದು ಸಹಿ ಹಾಕಿದರು. ನನಗೆ ಗೆದ್ದಂತೆ ಅನ್ನಿಸಿತು.

ಹದಿನೈದು ದಿನ ಕಳೆಯುವಷ್ಟರಲ್ಲಿ ನಿದ್ದೆ ಮತ್ತೆ ಹೋಯಿತು. ತಟ್ಟೆಯ ಮುಂದೆ ಸುಮ್ಮನೆ ಕೂರುವುದು ಮತ್ತೆ ಶುರುವಾಯಿತು. ತಾಯತ ಇತ್ತು, ಟಾನಿಕ್ ಇತ್ತು. ಇಲ್ಲದ್ದು ಯಾವುದು ಅಂತ ಆಗ ಹೊಳೆಯಿತು. ಬೇಕೆಂದೇ ರಿಬ್ಬನ್ ಬಿಚ್ಚಿಕೊಂಡು ಪ್ರೇಯರ್‌ನಲ್ಲಿ ನಿಂತೆ. ಮಿಸ್ ನೋಡಿಯೂ ನೋಡದವರಂತೆ ಮುಂದೆ ಹೋದರು. ಬರೆದುಕೊಟ್ಟಿದ್ದರಲ್ಲ. ಮರುದಿನ ಸ್ಪೆಷಲ್ ಕ್ಲಾಸ್ ಅಂತ ಮನೆಯಲ್ಲಿ ಸುಳ್ಳು ಹೇಳಿ ಒಂದು ಗಂಟೆ ಮುಂಚೆ ಬಂದು, ನನ್ನ ಪಾಡಿಗೆ ಓಡತೊಡಗಿದೆ. ಅವರು ಆ ತುದಿಯಲ್ಲಿ ಗೆರೆ ಎಳೆಯುತ್ತಿದ್ದರು. ನಾಲ್ಕನೇ ಸುತ್ತು ಮುಗಿದ ಮೇಲೆ ತಲೆಯೆತ್ತಿ, "ನಾನ್ ಏಳಿಲ್ಲ ಕಣಮ್ಮಿ, ನೀನೇ ಓಡ್ತಿರೋದು" ಅಂದರು. ಪರೀಕ್ಷೆಯ ಹಿಂದಿನ ದಿನದವರೆಗೂ ಓಡಿದೆ.

ಹತ್ತು ವರ್ಷ ಕಳೆದ ಮೇಲೆ ಹಾಸನದ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕರು. ನಾನಾಗ ಅರಕಲಗೂಡಿನ ಕಡೆ ಗಣಿತದ ಟೀಚರು. ಮಕ್ಕಳ ಆಟದ ಪೀರಿಯಡ್ಡನ್ನು ಗಣಿತಕ್ಕೆಂದು ನನಗೆ ಕೊಟ್ಟರೆ ಬೇಡ ಅನ್ನುವ ಧೈರ್ಯ ನನಗೂ ಬಂದಿರಲಿಲ್ಲ. "ಅವತ್ತು ಹೆಡ್‌ಮಾಸ್ಟರ ಮುಂದೆ ಯಾಕೆ ನಿಜ ಹೇಳಲಿಲ್ಲ ಮಿಸ್?" ಅಂತ ಕೇಳಿದೆ.

"ಏಳಿದ್ರೆ ತಲೆ ಸರಿಯಿಲ್ಲದ ಉಡ್ಗಿ ಅಂತ ಊರೆಲ್ಲ ಆಡ್ಕಳೋದು. ನಿನ್ನ ಯಾರು ಮದ್ವೆ ಆಗೋರು? ನಂದೇನು, ಒಂದು ಕಾಗ್ದ." ಚೀಲವನ್ನು ಇನ್ನೊಂದು ಕೈಗೆ ಬದಲಿಸಿಕೊಂಡರು. "ನಿನ್ ವಯಸ್ನಲ್ಲಿ ನನ್ ತಂಗಿ ಮಕಾನೂ ಅಂಗೇ ಇತ್ತು. ಆಗ ನಂಗೆ ಗೊತ್ತಾಗ್ಲಿಲ್ಲ. ಅವ್ಳು ಉಳೀಲಿಲ್ಲ."

ಬಸ್ಸು ಬಂತು, ಹತ್ತಿದರು. ಸೀಟು ಸಿಕ್ಕಿತೋ ಇಲ್ಲವೋ ಕಾಣಲಿಲ್ಲ.

ಮೂರು ವರ್ಷದ ಮೇಲೆ ಅವರು ತೀರಿಕೊಂಡ ಸುದ್ದಿ ಬಂತು. ನಾನು ಆಗ ಅಪ್ಪನ ಮನೆಯಲ್ಲೇ ಇದ್ದೆ. ಅಪ್ಪನ ಎದುರು ಕೂತು ಎಲ್ಲವನ್ನೂ ಹೇಳಿದೆ: ಬದುಕು ಬೇಡವಾಗಿದ್ದದ್ದು, ಆ ರೌಂಡುಗಳು, ಗೊತ್ತಾದ ಮೇಲೂ ನಾನು ಬಾಯಿ ಬಿಡದಿದ್ದದ್ದು.

"ಅವರ ಕೈಲಿ ಬರೆಸಿಕೊಂಡೆನಲ್ಲೇ ನಾನು" ಅಂದರು ಅಪ್ಪ. ಎದ್ದು ಅಂಗಿ ಹಾಕಿಕೊಂಡರು. "ನಡಿ, ಹಳೇಕೋಟೆಗೆ ಹೋಗಿ ತಪ್ಪಾಯ್ತು ಅನ್ನೋಣ."

"ಯಾರಿಗೆ ಅನ್ನೋದಪ್ಪ?"

ಗುಂಡಿ ಹಾಕುತ್ತಿದ್ದ ಅವರ ಕೈ ಅಲ್ಲೇ ನಿಂತಿತು. ನಾನಾದರೂ ಅಪ್ಪನನ್ನು ಏನಂತ ದೂರಲಿ? ನನ್ನ ಜೀವ ಉಳಿಸಿದವರು ಹಾಸನದಲ್ಲಿ ಅಷ್ಟು ಹೊತ್ತು ಎದುರಿಗೇ ನಿಂತಿದ್ದರು. ನಾನು ಪ್ರಶ್ನೆ ಕೇಳಿದೆನೇ ಹೊರತು, ತಪ್ಪಾಯ್ತು ಮಿಸ್ ಅನ್ನಲಿಲ್ಲ.